ಬೋಗಾದಿಯ ಮನೆಗೆ ಬಂದ ಪರದೇಶದ ಪ್ಲಗ್ಗು

ಮೈಸೂರಿನ ಪಶ್ಚಿಮ ದಿಕ್ಕಿನಲ್ಲಿ, ಕುಕ್ಕರಹಳ್ಳಿಯ ಕೆರೆಯನ್ನೂ ಮಾನಸಗಂಗೋತ್ರಿಯ ಮರಗಳ ಸಾಲನ್ನೂ ಹಿಂದೆ ಬಿಟ್ಟು ಗದ್ದಿಗೆಯ ಕಡೆಗೆ ಹೋಗತಕ್ಕ ದಾರಿಯಲ್ಲಿ ಬೋಗಾದಿ ಎಂಬ ಊರಿರುವುದು. ಹಿಂದೆ ಇದು ಹೊಲಗಳ ನಡುವಣ ಸಣ್ಣ ಹಳ್ಳಿಯಾಗಿತ್ತು. ಕಾಲಕ್ರಮದಲ್ಲಿ ನಗರವೇ ಬೆಳೆದು ಬಂದು ಅದನ್ನು ಬಳಸಿಕೊಂಡಿತು. ನಮ್ಮ ಬೀದಿಯ ಮನೆಗಳಲ್ಲಿ ಹಲವು ಒಂದೇ ಬಗೆಯವು: ತಂದೆತಾಯಿಗಳು ಇಲ್ಲಿ, ಮಕ್ಕಳು ಸಮುದ್ರದಾಚೆ. ವರ್ಷವೆಲ್ಲ ಮೌನವಾಗಿರುವ ಈ ಮನೆಗಳು ದಸರೆಯ ಕಾಲದಲ್ಲಿ ತುಂಬುವುವು. ಮಕ್ಕಳು ಮೊಮ್ಮಕ್ಕಳು ಬರುವರು. ಅವರೊಡನೆ ದೊಡ್ಡ ದೊಡ್ಡ ಪೆಟ್ಟಿಗೆಗಳು ಬರುವುವು. ಪೆಟ್ಟಿಗೆಗಳೊಳಗೆ ಬಗೆಬಗೆಯ ವಿದ್ಯುತ್ ಉಪಕರಣಗಳು ಬರುವುವು. ಈ ಉಪಕರಣಗಳ ವಿಷಯವಾಗಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ವಾಚಕರಿಗೆ ತಿಳಿಸಬೇಕೆಂದು ಇದನ್ನು ಬರೆಯುತ್ತಿರುವೆನು. ನಮಗೆ ಬಂದ ಕಷ್ಟ ಮತ್ತೊಬ್ಬರಿಗೆ ಬಾರದಿರಲಿ ಎಂಬುದೇ ಇದರ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳು, ಅಳಿಯಂದಿರು, ಐದು ವರ್ಷದ ಮೊಮ್ಮಗ, ಮೂವರೂ ಅಮೆರಿಕದಿಂದ ನವರಾತ್ರಿಗೆಂದು ಬಂದರು. ಅವರ ದೇಶದ ಪ್ಲಗ್ಗಿಗೆ ಚಪ್ಪಟೆಯಾದ ಎರಡು ಕಾಲುಗಳು. ನಮ್ಮ ಗೋಡೆಯಲ್ಲಿರುವುವಾದರೋ ಮೂರು ಗುಂಡು ತೂತುಗಳು. ಅಳಿಯಂದಿರು ತಿಳಿದವರು. ವಿಮಾನ ನಿಲ್ದಾಣದಲ್ಲಿಯೇ ಅಡಾಪ್ಟರ್ ಎಂಬ ಸಣ್ಣ ಜೋಡಣೆಯೊಂದನ್ನು ಕೊಂಡು ತಂದಿದ್ದರು. ಅದರ ಒಂದು ಮುಖದಲ್ಲಿ ಅವರ ಪ್ಲಗ್ಗು ಸೇರುವುದು, ಇನ್ನೊಂದು ಮುಖ ನಮ್ಮ ಗೋಡೆಗೆ ಸೇರುವುದು. ಮೊದಲನೆಯ ರಾತ್ರಿ ಟೆಲಿಫೋನನ್ನು ಸಿಕ್ಕಿಸಿ ಮಲಗಿದರು. ಬೆಳಗ್ಗೆ ಎದ್ದು ನೋಡಿದರೆ ಅದರಲ್ಲಿ ಶಕ್ತಿಯೇ ಇಲ್ಲ. ನಮ್ಮ ಮನೆಯಾಕೆ ನಕ್ಕು, "ಸ್ವಿಚ್ಚು ಹಾಕಬೇಡವೇನಪ್ಪಾ?" ಎಂದು ಗೋಡೆಯನ್ನು ತೋರಿಸಿದಳು. ಅವರ ದೇಶದಲ್ಲಿ ಪ್ಲಗ್ಗಿನ ತೂತಿನ ಪಕ್ಕದಲ್ಲಿ ಸ್ವಿಚ್ಚು ಇರುವುದು ಅಪರೂಪ. ಅದೂ ಅಲ್ಲದೆ ಅಲ್ಲಿ ದೀಪದ ಸ್ವಿಚ್ಚನ್ನು ಮೇಲಕ್ಕೆತ್ತಿದರೆ ದೀಪ ಹತ್ತುವುದು. ಇಲ್ಲಿ ಕೆಳಕ್ಕೆ ಒತ್ತಿದರೆ ಹತ್ತುವುದು. ಮಗುವಿಗೆ ಇದೊಂದು ಆಟವೇ ಆಯಿತು.

ಸ್ವಿಚ್ಚಿನ ರಹಸ್ಯ ತಿಳಿದ ಮೇಲೆ ಐದು ದಿವಸಗಳ ಕಾಲ ಯಾವ ತೊಂದರೆಯೂ ಆಗಲಿಲ್ಲ. ಟೆಲಿಫೋನು, ಕಂಪ್ಯೂಟರು, ಕ್ಯಾಮೆರಾ ಎಲ್ಲವೂ ಆ ಒಂದೇ ಅಡಾಪ್ಟರಿನ ಮೂಲಕ ನಮ್ಮ ಗೋಡೆಯ ವಿದ್ಯುತ್ತನ್ನು ಕುಡಿದು ಸುಖವಾಗಿದ್ದುವು. ಆದುದರಿಂದ ಅವರಿಗೂ ನಮಗೂ ಧೈರ್ಯ ಹುಟ್ಟಿತು. ಆ ಧೈರ್ಯವೇ ನಮ್ಮನ್ನು ಮೋಸಗೊಳಿಸಿತು.

ಆರನೆಯ ದಿವಸ ಸಂಜೆ ಅರಮನೆಯ ದೀಪಾಲಂಕಾರವನ್ನು ನೋಡಲು ಹೋಗಿದ್ದೆವು. ಸುಮಾರು ಒಂದು ಲಕ್ಷ ದೀಪಗಳು ಒಂದೇ ಗಳಿಗೆಯಲ್ಲಿ ಹತ್ತಿಕೊಂಡಾಗ ಸೇರಿದ್ದ ಜನರೆಲ್ಲ ಒಟ್ಟಿಗೆ ಉದ್ಗಾರ ತೆಗೆಯುವುದನ್ನು ಕೇಳದವರು ಮೈಸೂರಿನಲ್ಲಿ ಇರಲಾರರು. ಜನಜಂಗುಳಿ, ಧೂಳು, ತಣ್ಣನೆಯ ಗಾಳಿ. ಇವುಗಳಲ್ಲಿ ಯಾವುದು ಕಾರಣವೋ, ರಾತ್ರಿ ಮನೆಗೆ ಬಂದ ಮೇಲೆ ಮಗುವಿಗೆ ಉಬ್ಬಸ ಎದ್ದಿತು. ಅದು ಅವನಿಗೆ ಹಳೆಯ ವ್ಯಾಧಿ. ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಒಳಕ್ಕೆ ಕಳುಹಿಸುವ ನೆಬ್ಯುಲೈಸರ್ ಎಂಬ ಯಂತ್ರವನ್ನು ಅವರು ಜೊತೆಯಲ್ಲಿಯೇ ತಂದಿದ್ದರು. ಮಗಳು ಔಷಧವನ್ನು ಹಾಕಿ, ಪ್ಲಗ್ಗನ್ನು ಅದೇ ಅಡಾಪ್ಟರಿಗೆ ಸೇರಿಸಿ, ಸ್ವಿಚ್ಚನ್ನು ಒತ್ತಿದಳು. ಯಂತ್ರವು ಎಂದಿಗಿಂತಲೂ ಜೋರಾಗಿ ಗರ್ಜಿಸಿತು. ಸ್ವಲ್ಪ ಹೊತ್ತಿನಲ್ಲಿಯೇ ಸುಟ್ಟ ವಾಸನೆ ಬಂದಿತು. ನಾನು ಓಡಿಬಂದು ಸ್ವಿಚ್ಚನ್ನು ಆರಿಸುವಷ್ಟರಲ್ಲಿ ಅದು ತಾನಾಗಿಯೇ ನಿಂತುಹೋಯಿತು. ಮತ್ತೆ ಅಲುಗಲಿಲ್ಲ.

ಆಗ ರಾತ್ರಿ ಹನ್ನೊಂದೂವರೆ ಗಂಟೆ. ಮಗುವಿನ ಪಕ್ಕೆಗಳು ಉಸಿರಿಗೆ ಒಳಕ್ಕೆ ಸೆಳೆಯುತ್ತಿದ್ದುವು. ಅಳಿಯಂದಿರು ಕಾರಿನ ಬೀಗದ ಕೈಯನ್ನು ಹುಡುಕುತ್ತಿದ್ದಂತೆಯೇ ನಮ್ಮ ಮನೆಯಾಕೆ ಒಂದು ಮಾತನ್ನೂ ಆಡದೆ ಹಿಂದಿನ ಬೀದಿಗೆ ನಡೆದಳು. ಅಲ್ಲಿ ಬಹುಕಾಲದಿಂದ ಉಬ್ಬಸದಿಂದ ನರಳುವ ಹಿರಿಯರೊಬ್ಬರಿದ್ದರು. "ಅಕ್ಕಾ, ನಿಮ್ಮ ಮಷೀನು ಒಂದು ಗಳಿಗೆ ಕೊಡಿ" ಎಂದು ಕೇಳುವಷ್ಟರಲ್ಲಿ ಆಕೆ ಅದನ್ನು ಕೈಗಿತ್ತು, ತಾನೂ ಕೋಲೂರಿಕೊಂಡು ಹಿಂದೆಯೇ ಬಂದರು. ಮಗುವಿನ ಸ್ವಂತ ಮುಖವಾಡವನ್ನೂ ಔಷಧದ ಬಟ್ಟಲನ್ನೂ ಆ ಯಂತ್ರಕ್ಕೆ ಜೋಡಿಸಿದೆವು. ಹತ್ತು ನಿಮಿಷ ಕಳೆದ ಮೇಲೆ ಉಸಿರು ಹದಕ್ಕೆ ಬಂದಿತು. ಆದರೂ ಆ ರಾತ್ರಿಯೇ ವೈದ್ಯರಿಗೆ ತೋರಿಸಿದೆವು. ಅವರು ನೋಡಿ ಅಪಾಯವಿಲ್ಲವೆಂದರು. ಮನೆಗೆ ಹಿಂದಿರುಗಿದಾಗ ಅಳಿಯಂದಿರು ಸುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು, "ಪ್ಲಗ್ಗು ಸರಿಯಾಗಿಯೇ ಕೂತಿತ್ತಲ್ಲ ಮಾವ" ಎಂದರು. ಪ್ಲಗ್ಗು ಸರಿಯಾಗಿ ಕೂತದ್ದೇ ತೊಂದರೆಗೆ ಮೂಲವಾಯಿತೆಂಬುದು ಬೆಳಗಾದ ಮೇಲೆ ನಮಗೆಲ್ಲರಿಗೂ ಅರ್ಥವಾಯಿತು.

ಇದರ ಕಾರಣವನ್ನು ಮನೆಯ ನೀರಿನ ಉಪಮಾನದಿಂದ ತಿಳಿಯಬಹುದು. ಮಹಡಿಯ ಮೇಲಣ ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೆಳಗಿನ ನಲ್ಲಿಯಲ್ಲಿ ನೀರು ರಭಸವಾಗಿ ಬರುವುದಷ್ಟೆ? ವಿದ್ಯುತ್ತಿನಲ್ಲಿ ಆ ರಭಸಕ್ಕೆ, ಅಂದರೆ ಒತ್ತಡಕ್ಕೆ, ವೋಲ್ಟು ಎಂಬುದು ಅಳತೆ. ನಮ್ಮ ದೇಶದ ಮನೆಗಳಿಗೆ ಬರುವ ಒತ್ತಡವು 230 ವೋಲ್ಟು. ಅಮೆರಿಕದ ಮನೆಗಳ ಗೋಡೆಯಲ್ಲಿರುವುದು 120 ವೋಲ್ಟು. ಅಡಾಪ್ಟರು ಪ್ಲಗ್ಗಿನ ಕಾಲುಗಳ ಆಕಾರವನ್ನು ಮಾತ್ರ ಹೊಂದಿಸುವುದು, ಒತ್ತಡವನ್ನು ತಗ್ಗಿಸಲಾರದು. ಒತ್ತಡವು ಎರಡರಷ್ಟಾದರೆ ಹರಿಯುವ ವಿದ್ಯುತ್ತೂ ಸುಮಾರು ಎರಡರಷ್ಟಾಗುವುದು. ಇವೆರಡೂ ಸೇರಿ ಹುಟ್ಟುವ ಕಾವು ನಾಲ್ಕರಷ್ಟಕ್ಕೆ ಸಮೀಪವಾಗುವುದು. ಕೂದಲೊಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ, ಕಾಫಿ ಕಾಯಿಸುವ ಪಾತ್ರೆ ಮೊದಲಾದುವು ಇಲ್ಲಿಗೆ ಬಂದು ಸುಡುವುದು ಈ ಕಾರಣದಿಂದಲೇ. ನಮ್ಮ ನೆಬ್ಯುಲೈಸರಿನೊಳಗಣ ಮೋಟಾರಿನ ಸುರುಳಿಯೂ ಹೀಗೆಯೇ ಕಾದು ಕರಗಿತ್ತು.

ಹಾಗಾದರೆ ಟೆಲಿಫೋನೂ ಕಂಪ್ಯೂಟರೂ ಏತಕ್ಕೆ ಸುಡಲಿಲ್ಲ? ಅವುಗಳ ಚಾರ್ಜರಿನ ಬೆನ್ನ ಮೇಲೆ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಒಂದು ಬರಹವಿರುವುದು. ಭೂತಗನ್ನಡಿ ಹಿಡಿದು ಓದಿದರೆ "100–240 ವೋಲ್ಟು, 50/60" ಎಂದು ಕಾಣುವುದು. ಅಂದರೆ 100ರಿಂದ 240ರ ವರೆಗೆ ಯಾವ ಒತ್ತಡವನ್ನು ಕೊಟ್ಟರೂ ಅದು ತನಗೆ ಬೇಕಾದಷ್ಟನ್ನೇ ಹದಮಾಡಿಕೊಂಡು ತೆಗೆದುಕೊಳ್ಳುವುದು. ಸುಟ್ಟ ಯಂತ್ರದ ಅಡಿಯಲ್ಲಿಯೂ ಬರಹವಿತ್ತು: "120 ವೋಲ್ಟು, 60" ಎಂದಷ್ಟೇ. ಅದನ್ನು ಐದು ದಿವಸಗಳಲ್ಲಿ ಯಾರೂ ತಿರುಗಿಸಿ ನೋಡಿರಲಿಲ್ಲ.

ಬರಹದಲ್ಲಿ ಕಾಣುವ 50 ಅಥವಾ 60 ಎಂಬುದು ಬೇರೊಂದು ಅಳತೆ. ಮನೆಗೆ ಬರುವ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯದೆ ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುವುದು. ಒಂದು ಸೆಕೆಂಡಿನಲ್ಲಿ ಅದು ಎಷ್ಟು ಸಲ ಪೂರ್ತಿಯಾಗಿ ತೂಗುವುದೋ ಅದಕ್ಕೆ ಆವರ್ತನವೆಂದು ಹೆಸರು. ಇಲ್ಲಿ 50, ಅಮೆರಿಕದಲ್ಲಿ 60. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟನ್ನು ಏರಿಸಬಹುದು, ಇಳಿಸಬಹುದು. ಆವರ್ತನವನ್ನು ಅದು ಬದಲಾಯಿಸಲಾರದು. ಆವರ್ತನವನ್ನೇ ಎಣಿಸಿ ನಡೆಯುವ ಅಮೆರಿಕದ ಗಡಿಯಾರವೊಂದನ್ನು ಟ್ರಾನ್ಸ್‌ಫಾರ್ಮರಿನ ಮೂಲಕ ಇಲ್ಲಿ ನಡೆಸಿದರೆ ಅದು ಪ್ರತಿಯೊಂದು ಗಂಟೆಗೂ ಹತ್ತು ನಿಮಿಷ ಹಿಂದೆ ಬೀಳುವುದು.

ಮಗುವು ಚೇತರಿಸಿಕೊಂಡ ಮೇಲೆ ಒಂದು ದಿವಸ, "ತಾತ, ನಿಮ್ಮ ಕರೆಂಟು ನಮ್ಮ ಕರೆಂಟಿನ ಹಾಗೆ ಯಾಕೆ ಇಲ್ಲ?" ಎಂದು ಕೇಳಿದನು. ಪ್ರಶ್ನೆ ಸಣ್ಣದು, ಉತ್ತರ ದೊಡ್ಡದು. ವಿಜಯದಶಮಿಯ ಮಾರನೆಯ ದಿವಸ ಅವನನ್ನು ಕರೆದುಕೊಂಡು ಬನ್ನೂರು, ಮಳವಳ್ಳಿಗಳ ಮಾರ್ಗವಾಗಿ ಶಿವನಸಮುದ್ರಕ್ಕೆ ಹೊರಟೆವು. ಮೈಸೂರಿನ ಕರೆಂಟಿನ ತವರುಮನೆಯೇ ಅದಲ್ಲವೆ?

ಮಳೆಗಾಲವು ಆಗತಾನೆ ಮುಗಿದಿದ್ದಿತು. ಕಾವೇರಿಯು ಇಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿ ಎಂಬ ಎರಡು ಜಲಪಾತಗಳಾಗಿ ಧುಮುಕುವಳು. ಗಗನಚುಕ್ಕಿಯ ಎದುರಿಗೆ ನಿಂತರೆ ನೀರಿನ ಹೊಗೆ ಮುಖಕ್ಕೆ ತಾಗುವುದು, ಪಕ್ಕದವರ ಮಾತು ಕೇಳಿಸದು. ಸ್ವಲ್ಪ ದೂರದಲ್ಲಿ, ಜನರು ಬ್ಲಫ್ ಎಂದು ಕರೆಯುವ ಸ್ಥಳದಲ್ಲಿ, ವಿದ್ಯುದಾಗಾರವಿರುವುದು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಈ ಕಾರ್ಯದ ಸಂಕಲ್ಪವಾಯಿತು. ಜೋಲಿ ಡಿ ಲೋಟ್‌ಬಿನಿಯರ್ ಎಂಬ ಇಂಜಿನಿಯರು ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿನ ಯಂತ್ರಗಳನ್ನು ಕಣ್ಣಾರೆ ಕಂಡು ಬಂದರು. ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳು ಅಮೆರಿಕದಿಂದ ಬಂದುವು. ನೀರಿನ ಬಲದಿಂದ ತಿರುಗುವ ಚಕ್ರಗಳು ಸ್ವಿಟ್ಜರ್ಲೆಂಡಿನಿಂದ ಬಂದುವು. 1902ನೆಯ ಇಸವಿ ಜೂನ್ ತಿಂಗಳಲ್ಲಿ ಇಲ್ಲಿಂದ ಹೊರಟ ವಿದ್ಯುತ್ತು 92 ಮೈಲಿಗಳಷ್ಟು ದೂರ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಡಾರ್ಜಿಲಿಂಗಿನ ಬಳಿಯಲ್ಲಿ 1897ರಲ್ಲಿಯೇ ಚಿಕ್ಕದೊಂದು ಜಲವಿದ್ಯುದಾಗಾರ ಹುಟ್ಟಿದ್ದುದು ನಿಜ. ಆದರೆ ಇಷ್ಟು ದೂರಕ್ಕೆ ಇಷ್ಟು ಶಕ್ತಿಯನ್ನು ಕಳುಹಿಸಿದುದು ಆ ಕಾಲಕ್ಕೆ ಜಗತ್ತೇ ಗಮನಿಸುವಂತಹ ಕಾರ್ಯವಾಗಿತ್ತು. ಶೇಷಾದ್ರಿ ಅಯ್ಯರವರು ಮಾತ್ರ 1901ರಲ್ಲಿಯೇ ತೀರಿಕೊಂಡಿದ್ದರು; ತಾವು ನೆಟ್ಟ ಗಿಡದ ಹಣ್ಣನ್ನು ಅವರು ಕಾಣಲಿಲ್ಲ.

ಮೊದಲು ಗಣಿಗೆ, ಆಮೇಲೆ ಊರಿಗೆ: ವಿದ್ಯುತ್ತು ಬಂದ ಕ್ರಮವಿದು. ಬೆಂಗಳೂರಿಗೆ 1905ರಲ್ಲಿಯೂ ಮೈಸೂರಿಗೆ 1908ರಲ್ಲಿಯೂ ವಿದ್ಯುದ್ದೀಪಗಳು ಬಂದುವು. ಬೇಸಗೆಯಲ್ಲಿ ಹೊಳೆ ಬಡವಾದಾಗ ಶಿವನಸಮುದ್ರದ ಚಕ್ರಗಳಿಗೆ ನೀರು ಸಾಲದೆ ಹೋಗುತ್ತಿದ್ದಿತು. 1911ರಲ್ಲಿ ಕೆಲಸ ಮೊದಲಾದ ಕೃಷ್ಣರಾಜಸಾಗರದ ಉದ್ದೇಶಗಳಲ್ಲಿ, ಹೊಲಗಳಿಗೆ ನೀರುಣಿಸುವುದರ ಜೊತೆಗೆ, ಈ ಕೊರತೆಯನ್ನು ನೀಗುವುದೂ ಒಂದಾಗಿದ್ದಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಅವುಗಳಿಗಾಗಿ ಹುಟ್ಟಿದ ವಿದ್ಯುತ್ತು ಮಾತ್ರ ಮನೆಮನೆಯ ವಸ್ತುವಾಗಿ ಉಳಿದಿದೆ.

ಇಲ್ಲಿ ಮಗುವಿನ ಪ್ರಶ್ನೆಗೆ ಉತ್ತರದ ಒಂದು ತುದಿ ಸಿಕ್ಕಿತು. ಶಿವನಸಮುದ್ರದಲ್ಲಿ ಮೊದಲು ಹುಟ್ಟಿದ ವಿದ್ಯುತ್ತಿನ ಆವರ್ತನವು 50 ಅಲ್ಲ, 60ಊ ಅಲ್ಲ. ಅದು 25 ಆಗಿದ್ದಿತು. ಅಂದಿನ ದೊಡ್ಡ ಮೋಟಾರುಗಳಿಗೆ ಅದೇ ಹಿತವೆಂದು ಎಣಿಸಲಾಗಿತ್ತು. ಎಂದರೆ ಯಾವ ದೇಶದ ಕರೆಂಟೂ ಪ್ರಕೃತಿಯ ನಿಯಮದಿಂದ ಹೀಗೆಯೇ ಇರಬೇಕೆಂದು ಹುಟ್ಟಿದುದಲ್ಲ. ಮೊದಲು ಯಾರು ಯಂತ್ರವನ್ನು ಕೊಂಡರೋ, ಯಾರಿಂದ ಕೊಂಡರೋ, ಯಾವ ಕೆಲಸಕ್ಕೆ ಕೊಂಡರೋ, ಅದರಂತೆ ಅದರ ಜಾತಕ ಬರೆದುಹೋಯಿತು. ನ್ಯೂಯಾರ್ಕಿನಲ್ಲಿ 1882ರಲ್ಲಿ ಎಡಿಸನ್ನನು ದೀಪಗಳಿಗಾಗಿ ಸುಮಾರು 110 ವೋಲ್ಟನ್ನು ಆರಿಸಿಕೊಂಡನು. ಆ ದೀಪಗಳು ಮನೆಮನೆಗೂ ಹರಡಿದ ಮೇಲೆ ಬದಲಾಯಿಸುವುದು ಕಷ್ಟವಾಯಿತು. ಆ ಶತಮಾನದ ಕೊನೆಗೆ ಬರ್ಲಿನ್ ನಗರವು ಒತ್ತಡವನ್ನು ಇಮ್ಮಡಿ ಮಾಡಿಕೊಂಡಿತು. ಒತ್ತಡ ಹೆಚ್ಚಿದರೆ ಅಷ್ಟೇ ಶಕ್ತಿಯನ್ನು ತೆಳ್ಳನೆಯ ತಂತಿಯಲ್ಲಿ ಕಳುಹಿಸಬಹುದು, ತಾಮ್ರ ಉಳಿಯುವುದು. ಯೂರೋಪು ಆ ದಾರಿಯನ್ನು ಹಿಡಿಯಿತು, ನಾವೂ ಹಿಡಿದೆವು.

ಜಪಾನಿನ ಕಥೆ ಇದಕ್ಕಿಂತಲೂ ವಿಚಿತ್ರವಾದುದು. 19ನೆಯ ಶತಮಾನದ ಕೊನೆಯಲ್ಲಿ ಟೋಕಿಯೋ ನಗರದವರು ಜರ್ಮನಿಯಿಂದ ಯಂತ್ರ ತರಿಸಿದರು, ಒಸಾಕದವರು ಅಮೆರಿಕದಿಂದ ತರಿಸಿದರು. ಆದಕಾರಣ ಆ ದೇಶದ ಪೂರ್ವಭಾಗದಲ್ಲಿ ಇಂದಿಗೂ ಆವರ್ತನ 50, ಪಶ್ಚಿಮಭಾಗದಲ್ಲಿ 60. ಒತ್ತಡ ಮಾತ್ರ ಎರಡು ಕಡೆಯೂ 100 ವೋಲ್ಟು. 2011ರ ಭೂಕಂಪದಲ್ಲಿ ಪೂರ್ವದ ವಿದ್ಯುದಾಗಾರಗಳು ನಿಂತಾಗ, ಪಶ್ಚಿಮದಲ್ಲಿ ಇದ್ದ ವಿದ್ಯುತ್ತನ್ನು ಬೇಕಾದಷ್ಟು ಕಳುಹಿಸಲಾಗದೆ ಜನರು ಕಷ್ಟಪಟ್ಟರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಭಾಷೆಯನ್ನಾಡಿದಂತಾಯಿತು.

ನಮ್ಮಲ್ಲಿ ಆ ಮಾತು ಒಂದಾಗಿದೆ. ಶಿವನಸಮುದ್ರದ ಹಳೆಯ 25 ಕಾಲಕ್ರಮದಲ್ಲಿ ಮರೆಯಾಗಿ, ದೇಶಕ್ಕೆಲ್ಲ 50 ಎಂಬುದು ನೆಲೆಗೊಂಡಿತು. ಆದರೂ ಬಹುಕಾಲ ದಕ್ಷಿಣದ ತಂತಿಜಾಲವು ಉತ್ತರದ ಜಾಲದೊಡನೆ ಹೆಜ್ಜೆ ಸೇರಿಸಿರಲಿಲ್ಲ. 2012ರ ಜುಲೈ ತಿಂಗಳ ಕೊನೆಯಲ್ಲಿ ಉತ್ತರದ, ಪೂರ್ವದ ಪ್ರಾಂತ್ಯಗಳು ಕತ್ತಲಲ್ಲಿ ಮುಳುಗಿದಾಗ ನಮ್ಮ ದೀಪಗಳು ಉರಿಯುತ್ತಿದ್ದುದಕ್ಕೆ ಇದೇ ಕಾರಣ. 2013ನೆಯ ಇಸವಿ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ಮಹಾತಂತಿಯು ಎರಡನ್ನೂ ಬೆಸೆಯಿತು. ಇಂದು ಬೋಗಾದಿಯ ಮಿಕ್ಸಿಯೂ ಕಾಶ್ಮೀರದ ದೀಪವೂ ಒಂದೇ ತಾಳಕ್ಕೆ ನಡೆಯುವುವು.

ಪ್ಲಗ್ಗಿನ ಆಕಾರದಲ್ಲಿಯೂ ಇಂತಹ ಚರಿತ್ರೆಯೇ ಅಡಗಿದೆ. ನಮ್ಮ ಮೂರು ಗುಂಡು ಕಾಲಿನ ಪ್ಲಗ್ಗು ಇಂಗ್ಲೆಂಡಿನಿಂದ ಬಂದುದು. ಇಂಗ್ಲೆಂಡಿನವರಾದರೋ 1947ರಲ್ಲಿ ಚೌಕನೆಯ ಕಾಲುಗಳುಳ್ಳ, ಒಳಗೆ ಫ್ಯೂಸನ್ನು ಇಟ್ಟುಕೊಂಡಿರುವ ಹೊಸ ಪ್ಲಗ್ಗನ್ನು ಗೊತ್ತುಮಾಡಿ, ಹಳೆಯದನ್ನು ಕ್ರಮವಾಗಿ ಕೈಬಿಟ್ಟರು. ನಾವು ಹಳೆಯದನ್ನೇ ಉಳಿಸಿಕೊಂಡೆವು. ಆದುದರಿಂದ ಲಂಡನ್ನಿಗೆ ಹೋದ ಮೈಸೂರಿನವನು ತನ್ನ ಪ್ಲಗ್ಗಿನ ತವರಿನಲ್ಲಿಯೇ ಅದಕ್ಕೆ ಸ್ಥಳವಿಲ್ಲದೆ ನಿಲ್ಲಬೇಕಾಗಿದೆ. ಆದರೆ ಅಲ್ಲಿ ವೋಲ್ಟು 230, ಆವರ್ತನ 50. ಅವನಿಗೆ ಅಡಾಪ್ಟರೊಂದಿದ್ದರೆ ಸಾಕು. ದುಬೈ, ಸಿಂಗಪುರಗಳಲ್ಲಿಯೂ ಇದೇ ಚೌಕಕಾಲಿನ ಪ್ಲಗ್ಗು. ಅಲ್ಲಿಯೂ ನಮ್ಮ ಯಂತ್ರಗಳಿಗೆ ಭಯವಿಲ್ಲ. ಅಮೆರಿಕ, ಕೆನಡ, ಜಪಾನುಗಳಿಗೆ ಹೋಗುವವರೇ ಎಚ್ಚರವಾಗಿರತಕ್ಕವರು.

ಆ ದೇಶಗಳಿಗೆ ಹೋಗುವ ನಮ್ಮ ತಾಯಂದಿರು ಮಗಳ ಮನೆಗೆಂದು ಇಲ್ಲಿಯ ಮಿಕ್ಸಿಯನ್ನು ಹೊತ್ತೊಯ್ಯುವುದುಂಟು. ಅಲ್ಲಿ ಅದು ಸುಡುವುದಕ್ಕಿಂತ ಹೆಚ್ಚಾಗಿ ಸೊರಗುವುದು. ಚಟ್ನಿಯನ್ನು ಅರೆಯಲಾರದೆ ಮುಲುಗುವುದು. ಇಲ್ಲಿಯ ನೀರು ಕಾಯಿಸುವ ಕೆಟಲ್ಲಾದರೆ ಅಲ್ಲಿ ತನ್ನ ಕಾವಿನ ಸುಮಾರು ಕಾಲುಭಾಗವನ್ನು ಮಾತ್ರ ಕೊಡುವುದು. 110 ವೋಲ್ಟಿಗೆಂದೇ ಮಾಡಿದ ಮಿಕ್ಸಿಗಳು ನಮ್ಮ ಅಂಗಡಿಗಳಲ್ಲಿ ಕೇಳಿದರೆ ಸಿಕ್ಕುವುವು. ಒಯ್ಯುವುದಾದರೆ ಅಂತಹುದನ್ನೇ ಒಯ್ಯಬೇಕು. ಟ್ರಾನ್ಸ್‌ಫಾರ್ಮರನ್ನು ಕೊಳ್ಳುವವರು ಅದರ ಶಕ್ತಿಯು ಯಂತ್ರದ ವ್ಯಾಟುಗಳಿಗಿಂತ ಸಾಕಷ್ಟು ಹೆಚ್ಚಿರುವಂತೆ ನೋಡಿಕೊಳ್ಳಬೇಕು. 750 ವ್ಯಾಟಿನ ಮಿಕ್ಸಿಗೆ ತಕ್ಕದ್ದು ಗುಂಡುಕಲ್ಲಿನಷ್ಟು ಭಾರವಾಗಿರುವುದರಿಂದ ಪ್ರಯಾಣಕ್ಕೆ ಹೇಳಿದುದಲ್ಲ.

ಪರದೇಶಕ್ಕೆ ಹೋಗದವರೂ ಇದನ್ನು ತಿಳಿದಿರುವುದು ಲೇಸು. ನಮ್ಮ ರೈಲಿನ ಅನೇಕ ಗಾಡಿಗಳಲ್ಲಿ ಟೆಲಿಫೋನಿಗೆಂದು ಇಟ್ಟಿರುವ ಪ್ಲಗ್ಗಿನಲ್ಲಿ ಬರುವುದು 230 ಅಲ್ಲ, 110 ವೋಲ್ಟು. ಅದಕ್ಕೆ ಕೆಟಲ್ ಮೊದಲಾದುವನ್ನು ಸಿಕ್ಕಿಸುವುದನ್ನು ರೈಲ್ವೆಯವರು ನಿಷೇಧಿಸಿರುವರು. ರಾತ್ರಿಯ ವೇಳೆ ಬೆಂಕಿಯ ಭಯದಿಂದ ಅಲ್ಲಿ ವಿದ್ಯುತ್ತನ್ನು ನಿಲ್ಲಿಸುವುದೂ ಉಂಟಾದ ಕಾರಣ, ಉಸಿರಾಟದ ಯಂತ್ರವನ್ನು ಅವಲಂಬಿಸಿದವರು ಅದನ್ನು ನಂಬಿ ಹೊರಡಬಾರದು. ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಯೇ ಇಡತಕ್ಕದ್ದು.

ಆ ವರ್ಷ ಮಗಳು ಹಿಂದಿರುಗುವ ಮೊದಲು ಮೈಸೂರಿನಲ್ಲಿಯೇ ಒಂದು ನೆಬ್ಯುಲೈಸರನ್ನು ಕೊಂಡು ನಮ್ಮ ಬೀರುವಿನಲ್ಲಿಟ್ಟು ಹೋದಳು. ಹಿಂದಿನ ಬೀದಿಯ ಹಿರಿಯರ ಯಂತ್ರವು ಒಮ್ಮೆ ಕೆಟ್ಟಾಗ ಅದು ಅವರ ಮನೆಗೂ ಹೋಗಿ ಬಂದಿತು. ಋಣ ತೀರಿತೆಂದು ಹೇಳಲಾರೆ, ಸ್ವಲ್ಪ ಕಡಮೆಯಾಯಿತು. ಅತಿಥಿಗಳು ಮಲಗುವ ಕೋಣೆಯ ಗೋಡೆಯ ಮೇಲೆ, ಸ್ವಿಚ್ಚಿನ ಪಕ್ಕದಲ್ಲಿ, ನಾನೊಂದು ಚೀಟಿಯನ್ನು ಅಂಟಿಸಿರುವೆನು: "ಇಲ್ಲಿ 230 ವೋಲ್ಟು, 50. ಮೊದಲು ನಿಮ್ಮ ಯಂತ್ರದ ಬೆನ್ನನ್ನು ಓದಿ, ಆಮೇಲೆ ಪ್ಲಗ್ಗು ಹಾಕಿ."

ಮನೆಗೆ ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಟ್ಟು, ಬಿಸಿನೀರು ಬೇಕೋ ತಣ್ಣೀರು ಬೇಕೋ ಎಂದು ಕೇಳುವುದು ನಮ್ಮ ಹಿರಿಯರ ಪದ್ಧತಿ. ಈಗಿನ ಕಾಲದ ಗೃಹಸ್ಥರು ಇನ್ನೊಂದು ಮಾತನ್ನೂ ಕೇಳಬೇಕಾಗಿದೆ: "ನಿಮ್ಮ ಯಂತ್ರಕ್ಕೆ ಎಷ್ಟು ವೋಲ್ಟು?" ಕೇಳುವುದಕ್ಕೆ ಅರೆನಿಮಿಷ ಸಾಕು. ಕೇಳದೆ ಹೋದ ರಾತ್ರಿ ಎಷ್ಟು ದೀರ್ಘವಾಗಿರುವುದೆಂಬುದನ್ನು ನಾವು ಬಲ್ಲೆವು.